ಅತ್ತೆಯ ಹೆಬ್ಬೆಟ್ಟು, ನನ್ನ ಎಂ.ಎಸ್ಸಿ.

ಇವತ್ತು ಬೆಳಗ್ಗೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಸೋರುತ್ತಿದ್ದ ಹಿತ್ತಲಿನ ನಲ್ಲಿಗೆ ಬಟ್ಟೆ ಸುತ್ತಿ ಕಟ್ಟಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ತುರುಬು ಕಟ್ಟಿದೆ. ಕಟ್ಟಿ ಮುಗಿಸಿ ಅವರ ಬೆನ್ನ ಹಿಂದೆಯೇ ಕೂತು — ಮುಂದೆ ಹೋಗಿ ಕೂರಲು ಕಾಲು ಬರಲಿಲ್ಲ — ಎಂಟು ವರ್ಷದ ಹಿಂದೆ ನಿಮ್ಮ ಎಡಗೈ ಮುರಿದದ್ದು ನನ್ನಿಂದ ಎಂದು ಹೇಳಿದೆ. ನೀವು ಬೇಡ ಅಂದಿದ್ದರೂ ನಿಮ್ಮ ಮೈಯನ್ನು ನನ್ನ ಎಂ.ಎಸ್ಸಿ. ಪುಸ್ತಕಕ್ಕೆ ಬಳಸಿಕೊಂಡೆ, ನಿಮಗೆ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ ಎಂದು ಹೇಳಿದೆ. ಆಮೇಲೆ ಬಟ್ಟೆ ಒಗೆದು ಹರವಿ ಕಾಲೇಜಿಗೆ ಹೋದೆ.

ಅತ್ತೆಗೆ ಓದಲು ಬರುವುದಿಲ್ಲ. ಅದಕ್ಕೇ ಅವರಿಗೆ ಮೊದಲು ಬಾಯಲ್ಲಿ ಹೇಳಿದ್ದು. ಓದಲು ಬರುವ ನಿಮಗಾಗಿ ಈಗ ಬರೆಯುತ್ತಿದ್ದೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ — ಓದಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಮನೆ, ಅಡುಗೆ, ವಯಸ್ಸು ಇವನ್ನೆಲ್ಲ ಮುಂದೆ ಮಾಡಿ ಅಯ್ಯೋ ಪಾಪ ಅನ್ನಿಸಿಕೊಳ್ಳುವ ಆಸೆಯೂ ಇಲ್ಲ. ನಮ್ಮ ಬೀದಿಯಲ್ಲೇ ನನಗಿಂತ ಕಷ್ಟಪಟ್ಟು ಓದಿದ ಹೆಂಗಸರಿದ್ದಾರೆ. ಅವರು ಯಾರ ಕೈಯನ್ನೂ ಮುರಿದಿಲ್ಲ.

ನಾನು ಜಯಮ್ಮ. ಮನೆ ದಟ್ಟಗಳ್ಳಿಯಲ್ಲಿ. ಮೈಸೂರಿನದೇ ಒಂದು ಕಾಲೇಜಿನ ಫಿಸಿಯಾಲಜಿ ವಿಭಾಗದಲ್ಲಿ, ಅಂದರೆ ಮನುಷ್ಯನ ಮೈ ಹೇಗೆ ಕೆಲಸ ಮಾಡುತ್ತದೆಂದು ಕಲಿಸುವ ಕಡೆ, ಹದಿನಾರು ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಎಲ್ಲಿ ಸುತ್ತಬೇಕು, ಗಾಳಿಯನ್ನು ಎಷ್ಟು ನಿಧಾನ ಬಿಡಬೇಕು ಎಂದು ಹೊಸ ಮಕ್ಕಳಿಗೆ ತೋರಿಸಿಕೊಡುತ್ತಿದ್ದವಳು ನಾನೇ. ಅವರು ಕಲಿತು ಹೋಗುತ್ತಿದ್ದರು. ನಾನು ಪಟ್ಟಿ ಸುತ್ತಿ ಬೀರುವಿನಲ್ಲಿಡುತ್ತಿದ್ದೆ. ನಲವತ್ತನಾಲ್ಕು ತುಂಬಿದ ವರ್ಷ, ಕೆಲಸದಲ್ಲಿರುವವರೂ ಎಂ.ಎಸ್ಸಿ. ಸೇರಬಹುದು ಎಂಬ ಸುತ್ತೋಲೆ ಬಂತು. ಮನೆಯಲ್ಲಿ ಹೇಳಿದಾಗ ಯಜಮಾನರು ನಕ್ಕರು. ಅವರ ಹೆಸರು ಮಹದೇವು, ಬಸ್ ಡಿಪೋದಲ್ಲಿ ಮೆಕ್ಯಾನಿಕ್.

“ಮೊಮ್ಮಕ್ಕಳ್ನ ಎತ್ಕೊಳೋ ವಯಸ್ನಲ್ಲಿ ಸ್ಕೂಲ್ ಬ್ಯಾಗ್ ಹಾಕ್ಕೋತೀಯೇನೇ?” ಅಂದರು.

ಅತ್ತೆ ಸೊಪ್ಪು ಸೋಸುತ್ತಿದ್ದವರು ತಲೆ ಎತ್ತಿದರು. “ಓದ್ಲಿ ಬುಡ್ಲಾ. ಅವ್ಳು ಓದುದ್ರೆ ನಿಂಗೇನ್ ಅನ್ನ ಬೇಯಲ್ವಾ? ಬೇಯ್ದಿದ್ರೆ ನಾನ್ ಬೇಯಿಸ್ತೀನಿ.”

ಹೌದು. ನನಗೆ ಸೀಟು ಕೊಡಿಸಿದ್ದು ಅತ್ತೆಯ ಆ ಮಾತು. ಇದನ್ನು ಬರೆಯದೆ ಬಿಟ್ಟರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಗೈಡ್ ಸ್ಟೆಲ್ಲಾ ಮೇಡಂ. ಲಷ್ಕರ್ ಮೊಹಲ್ಲಾದವರು, ನನಗಿಂತ ಹತ್ತು ವರ್ಷ ಚಿಕ್ಕವರು, ಮಾತಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. “ಪ್ಲ್ಯಾನ್ ಇಲ್ದೆ ಬಂದ್ರೆ ಒಳಗೆ ಬಿಡಲ್ಲ ಜಯಮ್ಮ” ಎಂದಿದ್ದರು. ಎರಡು ವರ್ಷದ ಪೂರ್ತಿ ಲೆಕ್ಕ ಬೇಕಿತ್ತು. ಯಾವ ಸೆಮಿಸ್ಟರಿಗೆ ಯಾವ ಪೇಪರು, ಸಂಶೋಧನೆ ಯಾವುದರ ಮೇಲೆ, ಯಾರ ಮೇಲೆ, ಯಾವ ಹೊತ್ತಿನಲ್ಲಿ. ನಾನು ಅಡುಗೆಮನೆಯ ಗೋಡೆಯಲ್ಲಿದ್ದ ಪಂಚಾಂಗದ ಕ್ಯಾಲೆಂಡರನ್ನೇ ಇಳಿಸಿಕೊಂಡು ಕೂತೆ. ಮೊದಲನೆಯದಕ್ಕೆ ಕಡ್ಡಾಯದ ಪೇಪರುಗಳು. ಎರಡನೆಯದಕ್ಕೆ ಸ್ಟ್ಯಾಟಿಸ್ಟಿಕ್ಸ್ — ಬೇಸಿಗೆಗೆ ಬಂದರೆ ಮದುವೆ ಮುಂಜಿ ತಪ್ಪಿಸಿಕೊಂಡಾದರೂ ಅಭ್ಯಾಸ ಮಾಡಬಹುದು ಅಂತ. ಮೂರನೆಯದಕ್ಕೆ ಹೃದಯ, ರಕ್ತಸಂಚಾರ. ಜೊತೆಗೆ ಆಯ್ಕೆಯ ಪೇಪರಾಗಿ ವಯಸ್ಸಾದವರ ಶರೀರಕ್ರಿಯೆ. ನಾಲ್ಕನೆಯದು ಪೂರ್ತಿ ಸಂಶೋಧನೆಗೆ.

ವಿಷಯವೂ ನನ್ನದೇ. ಮುದುಕರು ಬೆಳಗ್ಗೆ ಹಾಸಿಗೆಯಿಂದ ಎದ್ದು ನಿಂತಾಗ ಬಿ.ಪಿ. ಎಷ್ಟು ಇಳಿಯುತ್ತದೆ? ಮಲಗಿದ್ದಾಗ ಒಂದು ಸಲ ನೋಡುವುದು, ನಿಂತು ಒಂದು ನಿಮಿಷಕ್ಕೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ. ನಮ್ಮ ಬೀದಿಯ ಆರು ಜನ ಹೆಂಗಸರು, ಒಬ್ಬೊಬ್ಬರಿಗೆ ಇಪ್ಪತ್ತೊಂದು ಬೆಳಗ್ಗೆ, ಒಂದು ಸಲಕ್ಕೆ ಇಬ್ಬರು. ಲ್ಯಾಬಿಗೆ ಕರೆಸಿದರೆ ಎದ್ದು ಎಷ್ಟೋ ಹೊತ್ತಾಗಿರುತ್ತದೆ, ಮನೆಯಲ್ಲೇ ನೋಡಬೇಕು ಎಂದು ವಾದಿಸಿದೆ. ಮೇಡಂ ಒಪ್ಪಿದರು. ಒಪ್ಪಿ, ಕೆಂಪು ಪೆನ್ನಿನಲ್ಲಿ ಮೂರು ಷರತ್ತು ಬರೆದರು. ನಿಮ್ಮ ಮನೆಯವರು ಯಾರೂ ಇರಬಾರದು. ಓದಿ ಹೇಳಿ, ಅರ್ಥವಾದ ಮೇಲೆ ಒಪ್ಪಿಗೆ ತೆಗೆದುಕೊಳ್ಳಬೇಕು, ಬೇಡ ಅಂದವರ ಹತ್ತಿರ ಎರಡನೇ ಸಲ ಹೋಗಬಾರದು. ತಲೆ ಸುತ್ತು ಅಂದ ಕ್ಷಣ ಕೂರಿಸಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಆ ಮೂರನ್ನೂ ನನ್ನ ಕೈಬರಹದಲ್ಲೇ ಚೆಂದವಾಗಿ ನಕಲು ಮಾಡಿ ಕೊಟ್ಟೆ. ಆ ಮೂರನ್ನೂ ಮುರಿದೆ.

ಐದು ಜನ ಸಂತೋಷವಾಗಿ ಒಪ್ಪಿದರು. ಆರನೆಯವರು ಕಾಗದಕ್ಕೆ ಸಹಿ ಹಾಕುವ ಮುಂಚೆಯೇ ಮಗಳ ಬಾಣಂತನಕ್ಕೆ ಅಂತ ಮಂಡ್ಯಕ್ಕೆ ಹೋದರು. ನವೆಂಬರ್ ಮುಗಿಯುವುದರೊಳಗೆ ಆರೂ ಕಾಗದ ಕೊಡಬೇಕು. ಇಲ್ಲದಿದ್ದರೆ ನನ್ನ ನಾಲ್ಕನೇ ಸೆಮಿಸ್ಟರು ಮುಂದಿನ ವರ್ಷಕ್ಕೆ. ಅತ್ತೆಯನ್ನು ಕೇಳಿದೆ. ಮನೆಯವರು ಇರಬಾರದೆಂಬ ಷರತ್ತು ಗೊತ್ತಿದ್ದೂ ಕೇಳಿದೆ.

ಮಾವ ಸತ್ತದ್ದು ಆಸ್ಪತ್ರೆಯಲ್ಲಿ. ಕೊನೆಯ ಎರಡು ದಿನ ಅವರ ಮಂಚದ ಸುತ್ತ ಓದುವ ಹುಡುಗರು ನೋಟ್‌ಬುಕ್ ಹಿಡಿದು ನಿಂತಿರುತ್ತಿದ್ದರಂತೆ. ಅತ್ತೆ ಗೋಡೆಗೆ ಒರಗಿ ನೋಡುತ್ತಿದ್ದರಂತೆ.

“ನನ್ನ ಮೈ ನಿನ್ ಪುಸ್ತಕ್ಕೆ ಬ್ಯಾಡ ಕಣ್ ಮಗಾ” ಅಂದರು. “ನಿಮ್ ಮಾವನ್ ಬಾಯಿಗೆ ಒಂದ್ ತೊಟ್ಟು ನೀರ್ ಬುಡೋರಿಲ್ಲ, ಬರ್ಕೊಳೋರು ಮಾತ್ರ ಎಂಟ್ ಜನ. ಅವತ್ತೇ ಅಂದ್ಕೊಂಡೆ. ನನ್ನ ಮಾತ್ರ ಯಾರೂ ಬರ್ಕೊಳೋದ್ ಬ್ಯಾಡ.”

ಬೇಡ ಅಂದರೆ ಬೇಡ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಯಾರಿಗೂ ಬೇಡ ಅನ್ನಲಾರರು. ನಾನು ತಲೆಯಾಡಿಸಿದೆ. ತಲೆಯಾಡಿಸುವಾಗಲೇ —

ಅವರಿಗೆ ಮಾವನ ಪಿಂಚಣಿ ಬರುತ್ತದೆ. ಪ್ರತಿ ನವೆಂಬರ್‌ನಲ್ಲೂ ಬದುಕಿದ್ದೇನೆ ಎಂಬುದಕ್ಕೆ ಒಂದು ಕಾಗದ ಕೊಡಬೇಕು. ಅದನ್ನು ತುಂಬಿಸಿ ಹೆಬ್ಬೆಟ್ಟು ಒತ್ತಿಸುವುದು ಸೊಸೆಯಾದ ನನ್ನದೇ ಕೆಲಸ. ಆ ವರ್ಷ ಅದರ ಕೆಳಗೆ ನನ್ನ ಒಪ್ಪಿಗೆಯ ಕಾಗದವನ್ನೂ ಇಟ್ಟೆ. ಇಂಕಿನ ಪ್ಯಾಡ್ ಮುಂದಿಟ್ಟೆ. ಒಂದು ಕಡೆ ಒತ್ತಿದರು. ಎರಡನೆಯದನ್ನು ಮುಂದೆ ಸರಿಸಿದೆ.

“ಬದುಕಿವ್ನಿ ಅಂತ ಈ ಸಲ ಎರಡೆರಡ್ ಸಾರಿ ಹೇಳ್ಬೇಕಾ?” ಎಂದು ನಕ್ಕರು.

“ಹ್ಞೂಂ ಅತ್ತೆ, ಹೊಸ ರೂಲ್ಸು” ಅಂದೆ.

ನಾನೇ ಅವರ ಬೆರಳು ಹಿಡಿದು ಒತ್ತಿಸಿದೆ. ಆಮೇಲೆ ಆ ಬೆರಳನ್ನು ಸೀರೆಯ ಸೆರಗಿನಿಂದ ಒರೆಸಿದೆ. ಸಾಕ್ಷಿಯ ಜಾಗಕ್ಕೆ ಯಜಮಾನರು ಓದದೆ ಸಹಿ ಹಾಕಿದರು. ಮೇಡಂ ಕಾಗದಗಳನ್ನು ನೋಡುತ್ತ ಅತ್ತೆಯ ಹೆಸರಿನ ಮೇಲೆ ಬೆರಳಿಟ್ಟು “ಸಣ್ಣಮ್ಮ ಯಾರು?” ಎಂದು ಕೇಳಿದಾಗ “ನಮ್ಮ ಬೀದಿಯವರು ಮೇಡಂ” ಅಂದೆ. ಅದು ಸುಳ್ಳಲ್ಲವಲ್ಲ — ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಇನ್ನು ಬೆಳಗ್ಗೆ ಬೆಳಗ್ಗೆ ಬಿ.ಪಿ. ನೋಡಲು ಒಂದು ನೆಪ ಬೇಕಿತ್ತು. ಅತ್ತೆಗೆ ಆಗೊಮ್ಮೆ ಈಗೊಮ್ಮೆ ಎದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು. “ಮೂರು ವಾರ ನೋಡಿ ಬರೀಬೇಕಂತೆ, ಡಾಕ್ಟ್ರು ಹೇಳಿದಾರೆ” ಅಂದೆ. ಯಾವ ಡಾಕ್ಟರೂ ಹೇಳಿರಲಿಲ್ಲ. ಅತ್ತೆ ನಂಬಿದರು. ನಂಬಿದ್ದಷ್ಟೇ ಅಲ್ಲ, ಸಂತೋಷಪಟ್ಟರು. ಹೋಗಿಬರುವವರಿಗೆಲ್ಲ “ನಮ್ ಜಯ ದಿನಾ ಬೆಳಗ್ಗೆದ್ದು ನನ್ ಕೈ ಹಿಡ್ದು ನೋಡ್ತಾಳೆ ಕಣ್ರವ್ವ, ಹೆತ್ತ ಮಗ್ಳು ನೋಡ್ತಾಳಾ ಹಂಗೆ?” ಎಂದು ಹೇಳಿಕೊಂಡರು. ನಾನು ಒಳಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸಿಕೊಂಡೂ ಮರುದಿನ ಪಟ್ಟಿ ಸುತ್ತಿದೆ.

ಹತ್ತೊಂಬತ್ತನೆಯ ಬೆಳಗ್ಗೆ ಶಿವರಾತ್ರಿಯ ಮರುದಿನ ಬಂತು.

ನಮ್ಮ ಮನೆಯಲ್ಲಿ ಶಿವರಾತ್ರಿ ಎಂದರೆ ಅತ್ತೆಗೆ ಒಂದು ತೊಟ್ಟು ನೀರೂ ಇಲ್ಲ. ಹಗಲೆಲ್ಲ ಒಣ ಉಪವಾಸ, ರಾತ್ರಿಯೆಲ್ಲ ಜಾಗರಣೆ. ಬೆಳಗಿನ ಜಾವ ಗುಡಿಯಿಂದ ಬಂದು ಒಂದು ಗಳಿಗೆ ಮಲಗಿದ್ದರು. ಹೊಟ್ಟೆಯಲ್ಲಿ ನೀರಿಲ್ಲ, ಕಣ್ಣಿಗೆ ನಿದ್ದೆಯಿಲ್ಲ, ವಯಸ್ಸು ಎಪ್ಪತ್ತು. ಇಂಥವರು ದಿಢೀರನೆ ಎದ್ದು ನಿಂತರೆ ಬಿ.ಪಿ. ಏನಾಗುತ್ತದೆ ಎಂದು ಮೂರನೇ ಸೆಮಿಸ್ಟರಿನ ಪರೀಕ್ಷೆಯಲ್ಲಿ ನಾನೇ ಎರಡು ಪುಟ ಬರೆದಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಎಬ್ಬಿಸಿದೆ. ಇವತ್ತಿನ ಅಂಕಿ ಚೆನ್ನಾಗಿ ಬರುತ್ತದೆ — ಇದೇ ಮಾತು, ಹೀಗೇ, ನನ್ನ ಮನಸ್ಸಿನಲ್ಲಿ ಬಂತು.

ಯಜಮಾನರು ಬೆಳಗಿನ ಪಾಳಿಗೆ ಹೋಗಿದ್ದರು. ಪಕ್ಕದಲ್ಲಿ ಇನ್ನೊಬ್ಬರಿರಲಿಲ್ಲ. ಮಲಗಿದ್ದಾಗಿನದು ಬರೆದುಕೊಂಡೆ. ನಿಲ್ಲಿಸಿದೆ. ಒಂದು ನಿಮಿಷಕ್ಕೆ ನೋಡಿದರೆ ಇಳಿದಿತ್ತು, ನಾನು ಅದುವರೆಗೆ ಯಾರಲ್ಲೂ ನೋಡಿರದಷ್ಟು.

“ಜಯಾ, ಯಾಕೋ ಎಲ್ಲಾ ತಿರುಗ್ತದೆ ಕಣೇ” ಅಂದರು ಅತ್ತೆ.

ನಾನು ಗಡಿಯಾರ ನೋಡುತ್ತಿದ್ದೆ.

“ಇನ್ನೊಂಚೂರು ನಿಂತ್ಕೊಳ್ಳಿ ಅತ್ತೆ. ಇನ್ನೊಂಚೂರೇ.”

ಆ ಮಾತು ನನ್ನದು. ಎಂಟು ವರ್ಷದಲ್ಲಿ ಅದನ್ನು ಬೇರೆ ಬೇರೆ ದನಿಯಲ್ಲಿ ನೆನಪಿಸಿಕೊಂಡು ನೋಡಿದ್ದೇನೆ, ಎಲ್ಲಾದರೂ ಮೆತ್ತಗೆ ಕೇಳಿಸುತ್ತದೇನೋ ಅಂತ. ಇಲ್ಲ. ಬಸ್ಸಿನಲ್ಲಿ ಮುಂದೆ ಸರಿಯಿರಿ ಅನ್ನುವ ಹಾಗೆ ಹೇಳಿದ್ದೆ. ಅತ್ತೆ ನಿಂತರು, ನಾನು ಹೇಳಿದೆ ಎಂದು. ಮೂರನೇ ನಿಮಿಷಕ್ಕೆ ಇನ್ನೂ ಸ್ವಲ್ಪ ಇತ್ತು. ಎಡಗೈಯನ್ನು ಊರಿಕೊಂಡೇ ಬಿದ್ದರು. ಮಣಿಕಟ್ಟಿನಲ್ಲಿ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ಹಣೆಗೆ ನೀರು ಚಿಮುಕಿಸಿ, ಆಟೋ ಕರೆದು ಆಸ್ಪತ್ರೆಗೆ ಒಯ್ದೆ. ಬಿದ್ದದ್ದು ಹೇಗೆ ಎಂದು ಕೇಳಿದವರಿಗೆಲ್ಲ ಅತ್ತೆಯೇ ಉತ್ತರ ಹೇಳಿದರು. “ಉಪವಾಸ ಇದ್ದೆ, ಬಿದ್ಬುಟ್ಟೆ. ನಮ್ ಜಯ ಇದ್ದಿದ್ಕೆ ಸೊಂಟ ಉಳ್ಕೊತು.” ಯಜಮಾನರು ನನ್ನ ಕಡೆ ಕೃತಜ್ಞತೆಯಿಂದ ನೋಡಿದರು. ನಾನು ಬಾಯಿ ಬಿಡಲಿಲ್ಲ. ಆ ದಿನ ಬಿಡಲಿಲ್ಲ, ಆ ತಿಂಗಳು ಬಿಡಲಿಲ್ಲ, ಎಂಟು ವರ್ಷ ಬಿಡಲಿಲ್ಲ. ಕೈ ಕೂಡಿಕೊಂಡಿತು, ಸೊಟ್ಟಗೆ. ಈಗಲೂ ಒದ್ದೆ ಬಟ್ಟೆ ಹಿಂಡಲಾಗುವುದಿಲ್ಲ ಅವರಿಗೆ.

ಪುಸ್ತಕದಲ್ಲಿ ಏನು ಬರೆದೆ, ಹೇಳುತ್ತೇನೆ. ಅಂಕಿಗಳ ಕೋಷ್ಟಕದಲ್ಲಿ ಆ ದಿನದ ಮೂರನೇ ನಿಮಿಷದ ಮನೆ ಖಾಲಿ ಬಿಟ್ಟು, ಪಕ್ಕದಲ್ಲಿ ‘ಭಾಗವಹಿಸಿದವರು ಕುಳಿತುಕೊಳ್ಳಲು ಇಚ್ಛಿಸಿದರು’ ಎಂದು ಬರೆದೆ. ಉಳಿದ ಎರಡು ದಿನಕ್ಕೆ ‘ಲಭ್ಯವಿರಲಿಲ್ಲ’ ಎಂದು ಬರೆದೆ. ಲಭ್ಯವಿಲ್ಲದವರು ಪಕ್ಕದ ಕೋಣೆಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ನರಳುತ್ತಿದ್ದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಆ ಖಾಲಿ ಮನೆಯ ಮೇಲೆ ಬೆರಳಿಟ್ಟು, “ಅಂಕಿಗಿಂತ ಮನುಷ್ಯರು ಮುಖ್ಯ ಅಂತ ನಡ್ಕೊಂಡಿದ್ದೀರಿ, ಒಳ್ಳೇದು” ಎಂದರು. ಮೊದಲ ದರ್ಜೆ ಬಂತು. ಅದೇ ವಿಭಾಗದಲ್ಲಿ ಪಾಠ ಹೇಳುವ ಟ್ಯೂಟರ್ ಆದೆ. ಅತ್ತೆ ಬೀದಿಗೆಲ್ಲ ಮೈಸೂರ್ ಪಾಕು ಹಂಚಿದರು — ಬಲಗೈಯಲ್ಲಿ.

ಹಾಗಿದ್ದರೆ ಇಷ್ಟು ವರ್ಷದ ಮೇಲೆ ಯಾಕೆ ಹೇಳಿದೆ? ಮನಸ್ಸು ಕರಗಿತು ಅಂತಲ್ಲ. ಈಗ ಹೊಸದಾಗಿ ಎಂ.ಎಸ್ಸಿ. ಸೇರುವವರಿಗೆ ಪ್ಲ್ಯಾನ್ ಬರೆಯಲು ಸಹಾಯ ಮಾಡುವುದು ನನ್ನ ಕೆಲಸ. ಯಾವ ಪೇಪರನ್ನು ಯಾವಾಗ ಇಟ್ಟುಕೊಂಡರೆ ಸಂಶೋಧನೆಗೆ ಹೊತ್ತು ಉಳಿಯುತ್ತದೆ ಎಂದು ಹೇಳಿಕೊಡುತ್ತೇನೆ. ಚೆನ್ನಾಗಿಯೇ ಹೇಳಿಕೊಡುತ್ತೇನೆ. ಮಾದರಿಗೆ ಎಂದು ವಿಭಾಗದವರು ಅವರ ಕೈಗೆ ಕೊಡುವುದು ನನ್ನ ಪುಸ್ತಕವನ್ನು. ಹೋದ ವಾರ ಸಹನಾ ಎಂಬ ಹುಡುಗಿ ತನ್ನ ಪ್ಲ್ಯಾನ್ ತಂದಳು. ವರುಣದ ಕಡೆಯ ಬೇಸಾಯದ ಮನೆಯವಳು, ಚುರುಕು. ಎಲ್ಲ ಸರಿಯಾಗಿತ್ತು. ಜನ ಮಾತ್ರ ಒಬ್ಬರು ಕಡಿಮೆ.

“ಅದೊಂದ್ ದೊಡ್ ವಿಷ್ಯ ಅಲ್ಲ ಮೇಡಂ” ಅಂದಳು. “ನಮ್ಮಜ್ಜಿ ಇದ್ಯಲ್ಲ, ಒತ್ತು ಅಂದ್ರೆ ಒತ್ತುತ್ತೆ. ಏನೂ ಕೇಳಲ್ಲ.”

ನಾನು ಕೂಗಾಡಿದೆ. ಪಕ್ಕದ ಕೋಣೆಯವರು ಬಂದು ನೋಡುವಷ್ಟು. ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಎದೆಗೊತ್ತಿಕೊಂಡು ನಿಂತಿದ್ದದ್ದು ನನ್ನದೇ ಪುಸ್ತಕವನ್ನು. ನಾನು ಬಾಯಿ ಮುಚ್ಚಿಕೊಂಡೆ. ಇವಳಿಗೆ ಬೈಯಲು ನಾನು ಯಾರು? ಆದರೆ ಬೈಯದೇ ಇರಲೂ ಆಗದಲ್ಲ… ಆ ಎರಡರ ನಡುವೆ ಒಂದು ವಾರ ಕಳೆದೆ. ಇವತ್ತು ಹೇಳಿದೆ.

ಅತ್ತೆ ತಿರುಗಲಿಲ್ಲ. ಹೊಸ್ತಿಲ ಕಡೆ ನೋಡುತ್ತಲೇ ಕೇಳಿದರು.

“ಡಾಕ್ಟ್ರು ಹೇಳಿರ್ಲಿಲ್ವಾ ಹಂಗಾದ್ರೆ?”

“ಇಲ್ಲ ಅತ್ತೆ.”

“ಆ ಎರಡ್ನೇ ಕಾಗ್ದ?”

“ಅದೇ.”

“ತಿರುಗ್ತದೆ ಅಂದ್ನಲ್ಲ, ಕೇಳುಸ್ತಾ ನಿಂಗೆ?”

“ಕೇಳಿಸ್ತು.”

ಇಲ್ಲಿ ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅತ್ತೆ ‘ಹೋಗ್ಲಿ ಬುಡು’ ಅಂದುಬಿಡುತ್ತಾರೆ, ಅವರ ಬಾಯಿಗೆ ಅದು ರೂಢಿ. ಅವರ ಆ ರೂಢಿಯನ್ನು ಇನ್ನೊಂದು ಸಲ ಬಳಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

“ಪುಸ್ತಕ್ದಲ್ಲಿ ನನ್ ಹೆಸ್ರದ್ಯಾ?”

“ಹೆಸರು ಬರೆಯೋ ಹಾಗಿಲ್ಲ. ಆರನೇ ನಂಬರು ಅಂತ ಇದೆ.”

“ಕೈ ಮುರ್ಕೊಂಡಿದ್ದು ನಾನು, ನಂಬ್ರಾನಾ?” ಈಗ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ, ಕೆಂಡ ಇತ್ತು. “ನೀನ್ ಓದಿದ್ಕೆ ನಂಗೆ ಬ್ಯಾಸ್ರಿಲ್ಲ. ಓದ್ಲಿ ಅಂದೋಳೇ ನಾನು. ಬ್ಯಾಡ ಅಂದಿದ್ನಲ್ಲ ಜಯಾ. ನನ್ನ ಅದ್ರಿಂದ ತೆಗ್ದಾಕು. ಇವತ್ತೇ ತೆಗ್ದಾಕು.”

ತೆಗೆದರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಸುಳ್ಳು ಒಪ್ಪಿಗೆಯ ಮೇಲೆ ನಿಂತ ಪುಸ್ತಕ ಉಳಿಯುವುದು ಕಷ್ಟ. ಅದು ಹೋದರೆ ಎಂ.ಎಸ್ಸಿ. ಹೋಗಬಹುದು, ಟ್ಯೂಟರ್ ಕೆಲಸವೂ ಹೋಗಬಹುದು. ಐವತ್ತನಾಲ್ಕರಲ್ಲಿ ಮತ್ತೆ ಬೀರುವಿನ ಪಟ್ಟಿ ಸುತ್ತುವವಳಾಗಬಹುದು, ಅದೂ ಇಲ್ಲದೆ ಹೋಗಬಹುದು.

ಕಾಲೇಜಿಗೆ ಹೋಗಿ ಕಾಗದ ಬರೆದೆ. ಒಂದೂವರೆ ಪುಟ. ಒಪ್ಪಿಗೆಯ ಸುಳ್ಳು, ಶಿವರಾತ್ರಿಯ ಮರುದಿನ, ಖಾಲಿ ಮನೆ, ಎಲ್ಲ. ಸಾಕ್ಷಿಯ ಸಹಿ ಓದದೆ ಹಾಕಿದ್ದು, ಓದಿಸದೆ ಹಾಕಿಸಿದ್ದು ನಾನು ಎಂದೂ ಬರೆದೆ. ಆರನೆಯವರ ಅಂಕಿಗಳನ್ನೆಲ್ಲ ತೆಗೆಯಬೇಕು, ಪುಸ್ತಕವನ್ನು ಮಾದರಿಯಾಗಿ ಯಾರಿಗೂ ಕೊಡಬಾರದು. ಸ್ಟೆಲ್ಲಾ ಮೇಡಂ ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ನಾನು ತಗೊಂಡ್ರೆ ಮೇಲಕ್ಕೆ ಕಳಿಸ್ಲೇಬೇಕು ಜಯಮ್ಮ. ಆಮೇಲೆ ನನ್ನ ಕೈಲಿರಲ್ಲ.”

“ಕಳಿಸಿ ಮೇಡಂ.”

“ನನ್ ಮುಖ ನೋಡ್ಕೊಂಡು ‘ನಮ್ಮ ಬೀದಿಯವರು’ ಅಂದ್ರಿ ಅವತ್ತು.”

“ಅಂದೆ.”

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಸೀಲು ಒತ್ತಿ ಸಹಿ ಹಾಕಿದರು. ನಾನು ಸಹನಾಳನ್ನು ಕರೆದು, ಒಬ್ಬರು ಕಡಿಮೆ ಇದ್ದರೆ ಒಬ್ಬರು ಕಡಿಮೆ ಎಂದೇ ಬರೆಯಲು ಹೇಳಿದೆ. ಆರು ತಿಂಗಳು ತಡವಾದರೆ ಆಗಲಿ, ಸಂಶೋಧನೆಯನ್ನು ಮುಂದಿನ ಸೆಮಿಸ್ಟರಿಗೆ ಹಾಕಿಕೊಂಡು ಈ ಸಲ ಆಯ್ಕೆಯ ಪೇಪರು ಮುಗಿಸಿಕೋ ಎಂದು ಹೊಸ ಪ್ಲ್ಯಾನ್ ಬರೆಸಿದೆ. ಅವಳು ಮುಖ ಊದಿಸಿಕೊಂಡೇ ಬರೆದಳು. ಊದಿಸಿಕೊಳ್ಳಲಿ.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ಎದ್ದು ನಿಂತರು.

“ತಲೆ ಕೆಟ್ಟದೆಯೇನೇ ನಿಂಗೆ? ಎಂಟ್ ವರ್ಷ ಆಯ್ತು. ಅವ್ವಂಗೇ ಮರ್ತೋಗ್ಯದೆ. ಕೆಲ್ಸ ಹೋದ್ರೆ?”

“ಹೋದ್ರೆ ಹೋಗತ್ತೆ ಕಣ್ರೀ.”

“ನನ್ ಸೈನೂ ಅದ್ಯಲ್ಲೇ ಅದ್ರಲ್ಲಿ!”

“ನಂಗೇನೂ ಮರ್ತೋಗಿಲ್ಲ ಕಣ್ಲಾ” ಎಂದು ಒಳಗಿನಿಂದ ಅತ್ತೆಯ ದನಿ ಬಂತು. “ಇನ್ಮೇಲಾದ್ರೂ ಓದ್ಬುಟ್ಟು ಸೈನ್ ಹಾಕು.”

ಮುಂದೆ ಏನಾಗುತ್ತದೋ ಗೊತ್ತಿಲ್ಲ. ನನ್ನನ್ನು ಕರೆದು ವಿಚಾರಿಸುತ್ತಾರೆ. ತಲೆ ತಗ್ಗಿಸಿ ಕೂರುವುದಿಲ್ಲ. ಕೇಳಿದ್ದಕ್ಕೆಲ್ಲ ಹೌದು ಅನ್ನುತ್ತೇನೆ. ಪದವಿ ಕಿತ್ತುಕೊಂಡರೆ ಕಿತ್ತುಕೊಳ್ಳಲಿ, ನಾಲ್ಕು ಸೆಮಿಸ್ಟರಿನಲ್ಲಿ ಕಲಿತದ್ದನ್ನು ಯಾರೂ ಕಿತ್ತುಕೊಳ್ಳಲಾರರು. ಬೇಕಾದರೆ ಮತ್ತೆ ಮೊದಲಿನಿಂದ ಪ್ಲ್ಯಾನ್ ಬರೆಯುತ್ತೇನೆ. ಈ ಸಲ ಆರು ಜನ ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯುತ್ತೇನೆ. ಅತ್ತೆಯ ಕೈ ಮಾತ್ರ ಯಾವ ಕಾಗದದಿಂದಲೂ ನೆಟ್ಟಗಾಗುವುದಿಲ್ಲ. ಅದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ರಾತ್ರಿಗೆ ಅವರೆಕಾಳಿನ ಸಾರು, ಅನ್ನ, ಸುಟ್ಟ ಹಪ್ಪಳ. ಅತ್ತೆ ಬರುವುದಿಲ್ಲ ಅಂದುಕೊಂಡೇ ತಟ್ಟೆ ಇಟ್ಟೆ. ಬಂದು ಕೂತರು. ಎರಡನೇ ಸಲ ಬಡಿಸಲೋ ಬೇಡವೋ ಎಂದು ನಾನು ಸೌಟು ಹಿಡಿದು ನಿಂತದ್ದು ನೋಡಿ, “ಹಾಕು. ಸಿಟ್ಟು ನಿನ್ ಮ್ಯಾಲೆ, ಸಾರಿನ್ ಮ್ಯಾಲಲ್ಲ” ಅಂದರು. ಯಜಮಾನರು ಅರ್ಧ ತಟ್ಟೆ ಬಿಟ್ಟೆದ್ದು ಇನ್ನೂ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ನಾನು ಪಾತ್ರೆ ತೊಳೆದು ಬಂದು ಇದನ್ನು ಬರೆಯಲು ಕೂತೆ. ಮೊದಲು ನಿದ್ದೆ ಹೋದವರು ಅತ್ತೆ.